ಸಿ ಡ್ರೈವ್‌ನ ಚೂರುಗಳು

ಮೈಸೂರು, ಜೂನ್ 28, 2008, ಶನಿವಾರ

ಸಿ ಡ್ರೈವ್ ತುಂಬಿತು. 19.5 ಜಿಬಿಯಲ್ಲಿ ಉಳಿದಿರುವುದು 180 ಎಂಬಿ. ಇನ್ನೂರಕ್ಕಿಂತ ಕೆಳಗಿಳಿದರೆ ವಿಂಡೋಸ್ ಎಕ್ಸ್‌ಪಿ ಪರದೆಯ ಬಲಮೂಲೆಯಲ್ಲಿ ಎಚ್ಚರಿಕೆ ತೋರಿಸುತ್ತದೆ. ಬೆಳಿಗ್ಗೆಯಿಂದ ಅದು ಬರುತ್ತಲೇ ಇದೆ. ಮಾವನವರ ಕ್ಯಾಸೆಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಕಂಪ್ಯೂಟರಿಗೆ ಏರಿಲ್ಲ. ಮದುವೆಮನೆ, ತೊಟ್ಟಿಲು ಶಾಸ್ತ್ರ, ಹಬ್ಬ, ಎಲ್ಲಿ ಹೆಂಗಸರು ಹಾಡಲು ಕೂತರೂ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದವರು ಅವರು. ಎಲ್ಲವೂ ಎಂಬತ್ತರ ದಶಕದ ಟೇಪುಗಳು. ಕೆಲವುಗಳಲ್ಲಿ ಹಾಡಿಗಿಂತ ಗರಗರ ಸದ್ದೇ ಮುಂದಾಗಿದೆ, ಒಂದೆರಡು ರೋಲರಿಗೆ ಸುತ್ತಿಕೊಳ್ಳುತ್ತಿವೆ. ಇನ್ನು ಕಾಯುವ ಹಾಗಿಲ್ಲ.

ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಗೆ ಫೋನ್ ಮಾಡಿದೆ. ಸಂಜೆ ಹುಡುಗ ಬಂದ, ನೋಡಿದ. "ಮೇಡಂ, ಸಿಸ್ಟಂ ತುಂಬಾ ಸ್ಲೋ ಆಗಿದೆ. ಫಾರ್ಮ್ಯಾಟ್ ಹೊಡೆದುಬಿಡೋಣ, ಹೊಸದರ ಥರ ಆಗತ್ತೆ. ಬೇಕಾಗಿರೋದನ್ನ ಡಿ ಡ್ರೈವ್‌ಗೆ ಹಾಕ್ಕೊಳಿ, ನಾನು ಸೋಮವಾರ ಬರ್ತೀನಿ" ಅಂದ. ಒಳ್ಳೆಯ ಹುಡುಗ. ಮೂರು ತಾಸಿನ ಕೆಲಸಕ್ಕೆ ಅವನು ಕೇಳುವ ದುಡ್ಡೂ ಹೆಚ್ಚಲ್ಲ. ಆದರೆ 'ಬೇಕಾಗಿರೋದು' ಯಾವುದು ಎಂದು ಸೋಮವಾರದೊಳಗೆ ಹೇಳುವವರು ಈ ಮನೆಯಲ್ಲಿ ಯಾರಿದ್ದಾರೆ? ಇವರದೊಂದು ಅಕೌಂಟ್, ನನ್ನದೊಂದು, ಮಗನದೊಂದು. ಒಬ್ಬರು ಇಟ್ಟದ್ದು ಇನ್ನೊಬ್ಬರಿಗೆ ತಿಳಿಯದು. ಬೇಡ ಎಂದೆ. ಒಳಗೇನಿದೆ ಎಂದು ಮೊದಲು ನಾನು ನೋಡಬೇಕು.

ಜೂನ್ 29, ಭಾನುವಾರ

ಇಡೀ ದಿನ ಇದರಲ್ಲೇ ಹೋಯಿತು. ವಿನ್‌ಡಿರ್‌ಸ್ಟ್ಯಾಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಡ್ರೈವಿನಲ್ಲಿರುವ ಒಂದೊಂದು ಕಡತವನ್ನೂ ಅದರ ಗಾತ್ರಕ್ಕೆ ತಕ್ಕ ಬಣ್ಣದ ಚೌಕವಾಗಿ ಬಿಡಿಸಿ, ಎಲ್ಲವನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತದೆ. ದೊಡ್ಡ ಚೌಕದ ಮೇಲೆ ಒತ್ತಿದರೆ ಅದು ಯಾವ ಫೋಲ್ಡರಿನದು ಎಂದು ಗೊತ್ತಾಗುತ್ತದೆ.

ಈ ಬಗೆಯ ಚಿತ್ರ ಹುಟ್ಟಿದ್ದೇ ತುಂಬಿಹೋದ ಒಂದು ಹಾರ್ಡ್ ಡಿಸ್ಕಿನಿಂದ. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೆನ್ ಶ್ನೈಡರ್‌ಮನ್ ಅವರ ಪ್ರಯೋಗಾಲಯದಲ್ಲಿ 80 ಎಂಬಿಯ ಒಂದು ಡಿಸ್ಕನ್ನು ಹದಿನಾಲ್ಕು ಮಂದಿ ಹಂಚಿಕೊಂಡಿದ್ದರು. ಅದು ಮತ್ತೆ ಮತ್ತೆ ತುಂಬುತ್ತಿತ್ತು, ಯಾರದು ಎಷ್ಟು ಜಾಗ ತಿಂದಿದೆ ಎಂದು ತಿಳಿಯುತ್ತಿರಲಿಲ್ಲ. ಅದನ್ನು ಒಂದು ನೋಟದಲ್ಲಿ ಕಾಣುವುದು ಹೇಗೆ ಎಂದು ಯೋಚಿಸುತ್ತ ಅವರು ಕಂಡುಕೊಂಡ ದಾರಿ ಈ 'ಟ್ರೀಮ್ಯಾಪ್'. ಪ್ರಯೋಗಾಲಯದವರು ಡಿಸ್ಕನ್ನು ಅಳಿಸಿ ಹೊಸದಾಗಿ ಶುರುಮಾಡಿ ಸುಮ್ಮನಾಗಿದ್ದರೆ ಈ ಚಿತ್ರ ಹುಟ್ಟುತ್ತಿರಲಿಲ್ಲ. ನಮ್ಮದು 80 ಜಿಬಿ, ಅದರ ಸಾವಿರ ಪಾಲು. ಪ್ರಶ್ನೆ ಮಾತ್ರ ಅದೇ.

80 ಎಂದು ಪೆಟ್ಟಿಗೆಯ ಮೇಲಿದ್ದರೂ ಕಂಪ್ಯೂಟರ್ ತೋರಿಸುವುದು 74.5. ಇದರಲ್ಲಿ ಮೋಸವೇನಿಲ್ಲ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಂಗಡಿಯವರು ಅದನ್ನು ಸಿ, ಡಿ, ಇ ಎಂದು ಮೂರು ಪಾಲು ಮಾಡಿಕೊಟ್ಟಿದ್ದಾರೆ. ಡಿ ಅರ್ಧ ಖಾಲಿ ಇದೆ. ಇ ತುಂಬ ಮಗನ ಸಿನಿಮಾಗಳು. ಉಸಿರು ಕಟ್ಟಿರುವುದು ಸಿ ಒಂದಕ್ಕೇ, ಏಕೆಂದರೆ ಕೇಳದೆ ಇದ್ದರೆ ಎಲ್ಲ ತಂತ್ರಾಂಶಗಳೂ ಬಂದು ಕೂರುವುದು ಅಲ್ಲಿ.

ಚಿತ್ರದಲ್ಲಿ ಕಂಡ ದೊಡ್ಡ ಚೌಕಗಳು: ರಿಸ್ಟೋರ್ ಪಾಯಿಂಟುಗಳು 2.3 ಜಿಬಿ (ಡ್ರೈವಿನ ನೂರಕ್ಕೆ ಹನ್ನೆರಡರಷ್ಟನ್ನು ಎಕ್ಸ್‌ಪಿ ಇದಕ್ಕೆಂದು ಬಿಟ್ಟುಕೊಡುತ್ತದೆ), ಪೇಜ್ ಫೈಲ್ 768 ಎಂಬಿ, ಹೈಬರ್ನೇಶನ್ ಕಡತ 512 ಎಂಬಿ, ಇವರ ಔಟ್‌ಲುಕ್ ಎಕ್ಸ್‌ಪ್ರೆಸ್ ಅಂಚೆ 900 ಎಂಬಿ ಚಿಲ್ಲರೆ, ರೀಸೈಕಲ್ ಬಿನ್ ಒಂದೂವರೆ ಜಿಬಿ. ಫೋಟೋಗಳು. ಹಾಡುಗಳು. 'ಬರಹ' ತಂತ್ರಾಂಶದಲ್ಲಿ ನಾನು ಟೈಪ್ ಮಾಡಿಟ್ಟ ಹಾಡಿನ ಸಾಹಿತ್ಯವೆಲ್ಲ ಸೇರಿ ಒಂದು ಫೋಟೋದಷ್ಟೂ ಇಲ್ಲ.

ಮಗನ ಅಕೌಂಟಿನಡಿ ಒಂದು ಕಡೆ ಒಂದೇ ಅಳತೆಯ ಪುಟ್ಟ ಚೌಕಗಳ ಸಾಲು ಇದೆ, ಇಟ್ಟಿಗೆ ಜೋಡಿಸಿಟ್ಟಂತೆ ಒತ್ತೊತ್ತಾಗಿ. ಕಣ್ಣು ಸೋತಿತ್ತು. ನಾಳೆ ನೋಡುತ್ತೇನೆ.

ಜುಲೈ 1, ಮಂಗಳವಾರ

ಕಾಲೇಜಿನಿಂದ ಬಂದು ಸುಲಭದ ಕೆಲಸಗಳು. ಹೈಬರ್ನೇಟ್ ನಾವು ಬಳಸುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಒಂದು ಟಿಕ್ ತೆಗೆದೊಡನೆ 512 ಎಂಬಿ ಬಂತು. ರ‍್ಯಾಮ್ ಎಷ್ಟಿದೆಯೋ ಅಷ್ಟೇ ಅಗಲದ ಕಡತ ಅದು.

ರೀಸೈಕಲ್ ಬಿನ್ನನ್ನು ಒಂದೇಟಿಗೆ ಖಾಲಿ ಮಾಡಲಿಲ್ಲ. ತೆರೆದು, ದಿನಾಂಕದ ಪ್ರಕಾರ ಜೋಡಿಸಿ, ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಅವರ ಅಕ್ಕನ ಮಗಳ ನಾಮಕರಣದ ಫೋಟೋಗಳು ಅದರಲ್ಲಿದ್ದವು. ವಾಪಸ್ ತೆಗೆದುಕೊಂಡು ಮಿಕ್ಕದ್ದನ್ನು ಅಳಿಸಿದೆವು.

ಆಮೇಲೆ ಅಂಚೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ಫೋಲ್ಡರಿನ ಪತ್ರಗಳೆಲ್ಲ ಒಂದೇ ಕಡತದೊಳಗೆ ಕೂರುತ್ತವೆ. ಪತ್ರ ಅಳಿಸಿದರೂ ಕಡತ ಕುಗ್ಗುವುದಿಲ್ಲ. 'ಕಾಂಪ್ಯಾಕ್ಟ್' ಮಾಡಿದರೆ ಮಾತ್ರ ಕುಗ್ಗುತ್ತದೆ. ಅದಕ್ಕೂ ಮೊದಲು ಒಂದಿಷ್ಟು ಖಾಲಿ ಜಾಗ ಬೇಕು, ಏಕೆಂದರೆ ಅದು ಉಳಿದ ಪತ್ರಗಳನ್ನು ಹೊಸ ಕಡತವೊಂದಕ್ಕೆ ಬರೆದು, ಆಮೇಲೆ ಹಳೆಯದನ್ನು ತೆಗೆಯುತ್ತದೆ. 900 ಎಂಬಿ ಇದ್ದದ್ದು 310 ಆಯಿತು. ಇವರಿಗೆ ಸಂತೋಷ.

ಜುಲೈ 3, ಗುರುವಾರ

ಮಗ ಹಾಸ್ಟೆಲಿನಿಂದ ಫೋನ್ ಮಾಡಿದ್ದ. ವಿಷಯ ಹೇಳಿದೆ. "ಅಮ್ಮ, ನನ್ನ ಅಕೌಂಟ್ ಡಿಲೀಟ್ ಮಾಡ್ಬಿಡು. ನಂಗೆ ಲ್ಯಾಪ್‌ಟಾಪ್ ಇದೆಯಲ್ಲ. ಕೀಪ್ ಫೈಲ್ಸ್ ಅಂತ ಕೇಳತ್ತೆ, ಅದನ್ನ ಒತ್ತು, ಸಾಕು" ಅಂದ.

ಒತ್ತುವ ಮುನ್ನ ಆ ಚೌಕಗಳ ಸಾಲು ನೆನಪಾಯಿತು. ತೆರೆದೆ. ಅವನ ಅಕೌಂಟಿನ ಲೋಕಲ್ ಸೆಟ್ಟಿಂಗ್ಸ್, ಅದರೊಳಗೆ ಟೆಂಪ್, ಅದರೊಳಗೆ ಧ್ವನಿ ಮುದ್ರಿಸುವ ತಂತ್ರಾಂಶ ಆಡಾಸಿಟಿಯ ತಾತ್ಕಾಲಿಕ ಫೋಲ್ಡರ್. ಒಳಗೆ ಬಿ00000, ಬಿ00001 ಎಂದು ಸಾಲಾಗಿ 184 ಕಡತ. ಒಂದೊಂದೂ ಸುಮಾರು ಒಂದು ಎಂಬಿ. ತಾರೀಖು ಜನವರಿ 16, ರಾತ್ರಿ.

ಎದೆ ಧಸಕ್ಕೆಂದಿತು. ಸಂಕ್ರಾಂತಿಯ ರಜೆಗೆ ಮಗ ಬಂದಿದ್ದಾಗ ಅತ್ತೆ ತೊಟ್ಟಿಲ ಹಾಡು ಹೇಳಿದ ರಾತ್ರಿ ಅದು. ಅವರ ತಾಯಿಯಿಂದ ಬಂದ ಹಾಡು. ಮಾವನವರ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ, ಅವರೆದುರು ಅದನ್ನು ಹಾಡಲು ಅತ್ತೆಗೆ ಸಂಕೋಚವಂತೆ. ಮೊಮ್ಮಗ ಕೇಳಿದನೆಂದು ಆವತ್ತು ಹಾಡಿದರು. ಮೊಮ್ಮಗ ತನ್ನ ಅಕೌಂಟಿನಲ್ಲೇ ಮೈಕ್ ಜೋಡಿಸಿ ರೆಕಾರ್ಡ್ ಮಾಡುತ್ತಿದ್ದ. ನಡುವೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ಸೇವ್ ಆಗಿರಲಿಲ್ಲ. "ಹೋಗಲಿ ಬಿಡಪ್ಪ, ಇನ್ನೊಂದು ದಿನ ಹೇಳಿದರಾಯ್ತು" ಎಂದಿದ್ದರು. ಫೆಬ್ರವರಿಯಲ್ಲಿ ಅವರಿಗೆ ಉಬ್ಬಸ ಜಾಸ್ತಿಯಾಯಿತು. ಎಪ್ಪತ್ತೊಂಬತ್ತು ವಯಸ್ಸು. ಅಷ್ಟು ಉದ್ದದ ಹಾಡನ್ನು ಎಳೆಯುವ ಉಸಿರು ಆಮೇಲೆ ಅವರಿಗೆ ಬಂದಿಲ್ಲ.

'ಕೀಪ್ ಫೈಲ್ಸ್' ಒತ್ತಿದರೆ ಉಳಿಯುವುದು ಡೆಸ್ಕ್‌ಟಾಪ್ ಮೇಲಿನದು ಮತ್ತು ಮೈ ಡಾಕ್ಯುಮೆಂಟ್ಸ್ ಮಾತ್ರ. ಟೆಂಪ್ ಹೋಗುತ್ತದೆ. ಆ ಅಕೌಂಟಿನೊಳಗೆ ಹೋಗಿ ಡಿಸ್ಕ್ ಕ್ಲೀನಪ್ ಓಡಿಸಿದ್ದರೂ ಹೋಗುತ್ತಿತ್ತು: ಒಂದು ವಾರದಿಂದ ಮುಟ್ಟದ ತಾತ್ಕಾಲಿಕ ಕಡತಗಳನ್ನು ಅದು ಬೇಡದ್ದೆಂದೇ ಎಣಿಸುತ್ತದೆ. ಫಾರ್ಮ್ಯಾಟಿನ ಮಾತು ಬಿಡಿ. ಹೆಚ್ಚಿನವರಿಗೆ, ಹೆಚ್ಚಿನ ಸಲ, ಆ ಎಣಿಕೆ ಸರಿಯೇ. ಆದರೆ ಬೇಕು, ಬೇಡ ಎಂಬುದು ಕಡತದ ವಯಸ್ಸಿನಿಂದಲೋ ಅದಿರುವ ಫೋಲ್ಡರಿನ ಹೆಸರಿನಿಂದಲೋ ತೀರ್ಮಾನವಾಗುವ ಸಂಗತಿಯಲ್ಲ. ಮನೆಯವರು ಕೂತು ನೋಡಬೇಕು.

ಫೋಲ್ಡರನ್ನು ಹಾಗೇ ಡಿ ಡ್ರೈವಿಗೆ ನಕಲು ಮಾಡಿದೆ. ಪೆನ್ ಡ್ರೈವಿಗೂ ಇನ್ನೊಂದು ನಕಲು. ಅತ್ತೆಗೆ ಇನ್ನೂ ಹೇಳಿಲ್ಲ. ಬರದೇ ಹೋದರೆ?

ಜುಲೈ 4, ಶುಕ್ರವಾರ

ಇಂದಿನಿಂದ ಆಷಾಢ. ಪಾಠ, ಮೌಲ್ಯಮಾಪನ, ಮಳೆ. ಕಂಪ್ಯೂಟರನ್ನು ಯಾರೂ ಮುಟ್ಟಬೇಡಿ ಎಂದು ಹೇಳಿಟ್ಟಿದ್ದೇನೆ.

ಜುಲೈ 6, ಭಾನುವಾರ

ಬಂತು.

ಲೆಕ್ಕದಿಂದ ಶುರುಮಾಡುತ್ತೇನೆ, ಕೆಲಸ ಮಾಡಿದ್ದೂ ಹಾಗೆಯೇ. ಆಡಾಸಿಟಿ ಒಂದು ಧ್ವನಿಯನ್ನು ಒಂದೇ ಉದ್ದ ಕಡತವಾಗಿ ಇಡುವುದಿಲ್ಲ, ಒಂದೊಂದು ಎಂಬಿಯ ತುಣುಕುಗಳಾಗಿ ಇಡುತ್ತದೆ. ನಡುವೆ ಒಂದು ಸಾಲು ಕತ್ತರಿಸಿದರೆ ಇಡೀ ಹಾಡನ್ನು ಮತ್ತೆ ಬರೆಯಬೇಕಾಗುವುದಿಲ್ಲ, ಅದಕ್ಕಾಗಿ ಈ ಏರ್ಪಾಟು. ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೂ ನಾಲ್ಕು ಬೈಟ್. ಅಂದರೆ ಒಂದು ಎಂಬಿಯ ತುಣುಕಿನಲ್ಲಿ ಸುಮಾರು ಆರು ಸೆಕೆಂಡು. ಮಗ ಸ್ಟೀರಿಯೊ ಎಂದು ಇಟ್ಟಿದ್ದರಿಂದ ಎಡಕ್ಕೊಂದು ಬಲಕ್ಕೊಂದು ತುಣುಕು ಒಂದಾದ ಮೇಲೊಂದು ಬಂದಿವೆ. ಮೈಕ್ ಇದ್ದದ್ದು ಒಂದೇ, ಎರಡರಲ್ಲೂ ಇರುವುದು ಅದೇ ಧ್ವನಿ. ಹಾಗಾಗಿ ಸೊನ್ನೆ, ಎರಡು, ನಾಲ್ಕು ಎಂದು ಒಂದು ಬಿಟ್ಟು ಒಂದನ್ನು ತೆಗೆದುಕೊಂಡರೆ 92 ತುಣುಕು, ಒಂಬತ್ತು ನಿಮಿಷಕ್ಕೆ ಸ್ವಲ್ಪ ಹೆಚ್ಚು.

ಮೊದಲನೆಯದನ್ನು ತೆರೆದಾಗ ಬರೀ ಕೆಮ್ಮು, ಮಗನ ದನಿ: "ಅಜ್ಜಿ, ಶುರು ಮಾಡು." ಎರಡನೆಯದರಲ್ಲಿ ಹಾಡಿನ ಎತ್ತುಗಡೆ. ಆರು ಸೆಕೆಂಡಿಗೆ ಕತ್ತರಿಸಿಹೋಗುತ್ತದೆ, ಮಾತಿನ ನಡುವೆ, ಅಕ್ಷರದ ನಡುವೆ. ಮುಂದಿನದರಲ್ಲಿ ಆ ಅಕ್ಷರದ ಬಾಲ. ಒಂದರ ತುದಿಗೆ ಇನ್ನೊಂದನ್ನು ಕೂಡಿಸುತ್ತ ಹೋದೆ. ಬೆಸುಗೆ ಎಲ್ಲಿದೆ ಎಂದು ಕಿವಿಗೊಟ್ಟರೂ ತಿಳಿಯುವುದಿಲ್ಲ. ಒಂದು ಮಾದರಿಯೂ ಕಳೆದಿಲ್ಲ. ಹೆಸರಿನ ಅಂಕೆಗಳು ಕ್ರಮವಾಗಿ ಇದ್ದದ್ದೇ ಪುಣ್ಯ. ಅಂಕೆ ಅಳಿಸಿದ್ದರೆ ಇವು 184 ಬಿಡಿ ಸದ್ದುಗಳು.

ಸಂಜೆ ಅತ್ತೆಯನ್ನು ಕರೆದು ಕೂರಿಸಿ ಹಾಕಿದೆ. ಮೊದಲು ತಮ್ಮ ದನಿ ಎಂದು ಅವರಿಗೆ ಗೊತ್ತಾಗಲಿಲ್ಲ. "ಯಾರಮ್ಮ ಇದು, ನಮ್ಮಮ್ಮನ ಥರ ಹೇಳ್ತಾಳೆ" ಎಂದರು. ಆಮೇಲೆ ಸುಮ್ಮನೆ ಕೇಳಿದರು. ಒಂಬತ್ತನೇ ನಿಮಿಷದಲ್ಲಿ ಹಾಡು ತಟಕ್ಕನೆ ನಿಂತಾಗ ಅವರ ತುಟಿ ಮುಂದಿನ ಸಾಲಿಗೆ ತೆರೆದಿತ್ತು.

"ಎಲ್ಲಿತ್ತು ಇದು?"

ಕಂಪ್ಯೂಟರಿನೊಳಗೆ ಚೂರು ಚೂರಾಗಿ ಬಿದ್ದಿತ್ತು ಅತ್ತೆ, ಜೋಡಿಸಿದೆ ಎಂದೆ. ಹೇಗೆ ಎಂದು ಕೇಳಿದರು. ಹೇಳುವುದಕ್ಕೆ ಅವರ ಪುಸ್ತಕಗಳೇ ಸಿಕ್ಕವು. ಅತ್ತೆಗೆ ಹಾಡು ಬರೆದುಕೊಳ್ಳಲೆಂದು ಯಾರೂ ನೋಟ್‌ಬುಕ್ ತಂದುಕೊಟ್ಟವರಲ್ಲ. ಮಾವನವರ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಎಲ್ಲಿ ಅರ್ಧ ಪುಟ ಖಾಲಿ ಸಿಕ್ಕಿತೋ ಅಲ್ಲಿ ಬರೆದಿದ್ದಾರೆ. ರಾಗಿ ಚೀಲದ ಲೆಕ್ಕದ ಕೆಳಗೆ ನಾಲ್ಕು ಸಾಲು, ಕೊನೆಯಲ್ಲಿ 'ಮುಂದಿನದು ಹಸಿರು ಪುಸ್ತಕ, ಎತ್ತಿನ ಲೆಕ್ಕದ ಹಿಂದೆ' ಎಂದು ಗುರುತು. ಹಸಿರು ಪುಸ್ತಕದಲ್ಲಿ ಆರು ಸಾಲು, ಅಲ್ಲಿಂದ ಇನ್ನೊಂದು ಗುರುತು. ಹಾಡಿಗೆ ಕುಂದಿಲ್ಲ, ಸಾಲೂ ತಪ್ಪಿಲ್ಲ, ಓದುವವರು ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಓಡಾಡಬೇಕು. ಹಾರ್ಡ್ ಡಿಸ್ಕ್ ಬರೆಯುವುದೂ ಹೀಗೆ. ಒಂದೇ ಕಡೆ ಜಾಗವಿದ್ದರೆ ಒಂದೇ ಕಡೆ. ಇಲ್ಲದಿದ್ದರೆ ಎಲ್ಲಿ ಬಿಡುವಿದೆಯೋ ಅಲ್ಲಲ್ಲಿ, ಗುರುತು ಇಟ್ಟುಕೊಂಡು. ಪುಸ್ತಕ ತುಂಬಿದಷ್ಟೂ ಬಿಡುವು ಚಿಕ್ಕದು, ಚೂರು ಹೆಚ್ಚು.

"ಹಸಿರು ಪುಸ್ತಕ ಎಲ್ಲಿ?" ಎಂದರು ಅತ್ತೆ. ಕಂಪ್ಯೂಟರಿನ ಕಥೆ ಅವರಿಗೆ ಅಷ್ಟು ಸಾಕಾಗಿತ್ತು. ಟ್ರಂಕಿನಲ್ಲಿ ಸಿಕ್ಕಿತು. ಹಾಡಿನ ಉಳಿದ ನುಡಿಗಳು ಅದರಲ್ಲಿವೆ.

ಜುಲೈ 8, ಮಂಗಳವಾರ

ಹಾಡು ಡಿವಿಡಿಗೆ ಹೋಯಿತು, ಮೂಲ ತುಣುಕುಗಳ ಸಮೇತ. ಒಂದು ಬೀರುವಿನಲ್ಲಿ, ಒಂದು ಕಾಲೇಜಿನ ನನ್ನ ಡ್ರಾಯರಿನಲ್ಲಿ.

ನನ್ನ ಮೈ ಡಾಕ್ಯುಮೆಂಟ್ಸನ್ನೂ ಇವರದನ್ನೂ ಡಿ ಡ್ರೈವಿಗೆ ಸಾಗಿಸಿದೆ. ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅಲ್ಲಿ ಮೂವ್. ಹೆಸರೂ ಬಾಗಿಲೂ ಹಳೆಯವೇ, ವಾಸ ಮಾತ್ರ ಬೇರೆ. ಇವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಡಿಸ್ಕ್ ಕ್ಲೀನಪ್‌ನ ಮೋರ್ ಆಪ್ಶನ್ಸ್‌ನಿಂದ ಹಳೆಯ ರಿಸ್ಟೋರ್ ಪಾಯಿಂಟುಗಳನ್ನೆಲ್ಲ ತೆಗೆದು ಕಡೆಯದೊಂದನ್ನು ಉಳಿಸಿದೆ. ಮಗನ ಅಕೌಂಟನ್ನು ಅವನ ಒಪ್ಪಿಗೆಯಿಂದ ತೆಗೆದದ್ದು ಎಲ್ಲ ಮುಗಿದ ಮೇಲೆ. ಈಗ ಸಿಯಲ್ಲಿ 8.4 ಜಿಬಿ ಖಾಲಿ.

ಹೀಗೆ ಖಾಲಿಯಾದ ಮಾತ್ರಕ್ಕೆ ವೇಗ ಬರಲಿಲ್ಲ. ಇವರ ಅಂಚೆ ತೆರೆಯಲು ಈಗಲೂ ಅಷ್ಟೇ ಹೊತ್ತು.

ಜುಲೈ 11, ಶುಕ್ರವಾರ

ಆಷಾಢದ ಮೊದಲ ಶುಕ್ರವಾರ ಕಳೆದ ವಾರವೇ ಆಯಿತು, ಬೆಟ್ಟಕ್ಕೆ ಹೋಗಲಾಗಿರಲಿಲ್ಲ. ಇವತ್ತು ಇವರೂ ನಾನೂ ಬೆಳಗಿನ ಜಾವ ಹೋಗಿ ಚಾಮುಂಡಿಯ ದರ್ಶನ ಮಾಡಿ ಬಂದೆವು. ಸಾಲು ನಿಂತು ಕಾಲು ಬಿದ್ದುಹೋಗಿದೆ. ರಾತ್ರಿ ಕೂತು ಡಿಫ್ರ್ಯಾಗ್, ಅಂದರೆ ಚೂರಾದ ಕಡತಗಳನ್ನು ಒಂದೆಡೆ ಕೂಡಿಸುವ ಕೆಲಸ.

ಮೊದಲು ಚೆಕ್‌ಡಿಸ್ಕ್. ಲೆಕ್ಕ ತಪ್ಪಿದ ಡಿಸ್ಕಿನಲ್ಲಿ ಸಾಮಾನು ಸರಿಸಲು ಹೋಗಬಾರದು. ಅದು ಮುಗಿದು ಕಂಪ್ಯೂಟರ್ ಮತ್ತೆ ಎದ್ದ ಮೇಲೆ ಡಿಫ್ರ್ಯಾಗ್ಮೆಂಟರ್ ತೆರೆದು 'ಅನಲೈಜ್' ಒತ್ತಿದೆ. ಉದ್ದನೆಯ ಪಟ್ಟಿ ಬಂತು: ಒಂದೇ ಕಡೆ ಇರುವ ಕಡತಗಳು ನೀಲಿ, ಚೂರಾದವು ಕೆಂಪು, ಅಲುಗಿಸಲಾಗದವು ಹಸಿರು, ಖಾಲಿ ಜಾಗ ಬಿಳಿ. ನಮ್ಮ ಪಟ್ಟಿ ಎಡತುದಿಯಿಂದ ಬಲತುದಿಯವರೆಗೆ ಕೆಂಪು.

ವರದಿ ತೆಗೆದು ಓದಿದೆ. ಇವರ ಅಂಚೆಯ ಕಡತ, ಕುಗ್ಗಿಸಿದ ಮೇಲೂ, 2,300 ಚೂರು. ಕುಗ್ಗಿಸುವಾಗ ಬರೆದ ಹೊಸ ಕಡತಕ್ಕೆ ಸಿಕ್ಕಿದ್ದು ತುಂಬಿದ ಡ್ರೈವಿನ ಸಂದುಗೊಂದುಗಳೇ ತಾನೆ.

ಚೂರಾದರೆ ನಿಧಾನವೇಕೆ ಎಂಬುದು ಲೋಹದ ಸಂಗತಿ, ಮಂತ್ರವೇನಲ್ಲ. ಡಬ್ಬಿಯೊಳಗೆ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಓದುವ ತಲೆ ಹೊತ್ತ ತೋಳು ಒಂದು ಪಥದಿಂದ ಇನ್ನೊಂದಕ್ಕೆ ಸರಿಯಲು ಸರಾಸರಿ ಒಂಬತ್ತು ಮಿಲಿಸೆಕೆಂಡು, ಸರಿದ ಮೇಲೆ ಬೇಕಾದ ತಾಣ ಸುತ್ತಿಕೊಂಡು ತಲೆಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು, ಇನ್ನೊಂದು ನಾಲ್ಕು. ಒಂದು ಜಿಗಿತಕ್ಕೆ ಹದಿಮೂರು. ಪ್ರೊಸೆಸರ್ ಎಷ್ಟೇ ಚುರುಕಾಗಿರಲಿ, ರ‍್ಯಾಮ್ ಎಷ್ಟೇ ಇರಲಿ, ಈ ಕಾಯುವಿಕೆ ತಪ್ಪದು. 2,300 ಚೂರಿಗೆ ಬರೀ ಜಿಗಿತಕ್ಕೇ ಮೂವತ್ತು ಸೆಕೆಂಡು. ಅದೇ 310 ಎಂಬಿ ಒಂದೇ ಸಾಲಿನಲ್ಲಿದ್ದರೆ ಆರೇಳು ಸೆಕೆಂಡಿನಲ್ಲಿ ಓದಿ ಮುಗಿಯುತ್ತಿತ್ತು. ನಮ್ಮ ಕಂಪ್ಯೂಟರ್ ಹಳೆಯದಾಯಿತು, ಬದಲಿಸೋಣ ಎಂದು ಇವರು ಯುಗಾದಿಯಿಂದ ಹೇಳುತ್ತಿದ್ದಾರೆ. ಹಳೆಯದಾದದ್ದು ಯಂತ್ರವಲ್ಲ. ತೋಳಿಗೆ ನಾವು ಕೊಟ್ಟ ಓಡಾಟ ಹೆಚ್ಚಾಗಿದೆ.

ಎಕ್ಸ್‌ಪಿಯ ಡಿಫ್ರ್ಯಾಗ್ ಸರಿಯಾಗಿ ಕೆಲಸ ಮಾಡಲು ಡ್ರೈವಿನಲ್ಲಿ ನೂರಕ್ಕೆ ಹದಿನೈದಾದರೂ ಖಾಲಿ ಇರಬೇಕು, ನಮ್ಮ ಸಿಗೆ ಸುಮಾರು 3 ಜಿಬಿ. ಚೂರುಗಳನ್ನು ತಂದು ಕೂಡಿಸಲು ಅದಕ್ಕೊಂದು ಅಂಗಳ ಬೇಕು. ಜೂನ್ ಕೊನೆಯಲ್ಲಿ ಇದನ್ನು ಓಡಿಸಿದ್ದರೆ ಏನೂ ಆಗುತ್ತಿರಲಿಲ್ಲ. ಜಾಗ ಮೊದಲು, ಡಿಫ್ರ್ಯಾಗ್ ಆಮೇಲೆ.

ಇನ್ನೊಂದು ಕಾರಣಕ್ಕೂ ಈ ಕ್ರಮ ಮುಖ್ಯ. ಕಡತ ಅಳಿಸಿದಾಗ ಅಳಿಯುವುದು ಅದರ ಗುರುತು ಮಾತ್ರ. ಅಕ್ಷರಗಳು ಬೇರೆಯದು ಬಂದು ಮೇಲೆ ಕೂರುವವರೆಗೆ ಡಿಸ್ಕಿನಲ್ಲೇ ಇರುತ್ತವೆ, ಹಾಗಾಗಿಯೇ ಅಳಿಸಿದ್ದನ್ನು ಮರಳಿ ತೆಗೆಯುವ ತಂತ್ರಾಂಶಗಳಿವೆ. ಡಿಫ್ರ್ಯಾಗ್ ಆ 'ಖಾಲಿ' ಜಾಗದ ಮೇಲೆಯೇ ಎಲ್ಲವನ್ನೂ ಸರಿಸಿ ಕೂರಿಸುತ್ತದೆ. ಅದು ಓಡಿದ ಮೇಲೆ ಅಳಿಸಿದ್ದು ಸಿಗುವ ಆಸೆ ಇಟ್ಟುಕೊಳ್ಳಬಾರದು. ಯಾರ ಮನೆಯಲ್ಲಾದರೂ ಫೋಟೋ ಅಳಿಸಿಹೋಯಿತೆಂದು ಹುಡುಕುತ್ತಿದ್ದರೆ, ಕಂಪ್ಯೂಟರ್ ನಿಧಾನವಾಗಿದೆ ಎಂದು ಡಿಫ್ರ್ಯಾಗ್ ಮಾಡಬೇಡಿ ಎಂದು ಕೈಹಿಡಿದು ಹೇಳಬೇಕು.

ಹತ್ತೂಕಾಲಿಗೆ ಶುರುಮಾಡಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ. ನಡುವೆ ಕರೆಂಟ್ ಹೋದರೂ ಎಕ್ಸ್‌ಪಿಯ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಅಪಾಯ ಕಡಿಮೆ: ಚೂರನ್ನು ಹೊಸ ಜಾಗಕ್ಕೆ ಬರೆದ ನಂತರವೇ ಗುರುತನ್ನು ಬದಲಿಸುತ್ತದೆ, ಹಳೆಯದನ್ನು ಅದಕ್ಕೂ ಮೊದಲು ಬಿಟ್ಟುಕೊಡುವುದಿಲ್ಲ. ಡಬ್ಬಿಯೊಳಗಿನಿಂದ ತೋಳಿನ ಕಟಕಟ ಸದ್ದು ಬರುತ್ತಲೇ ಇದೆ. ವಿಂಡೋಸ್ 98 ಇದ್ದಾಗ ನಡುವೆ ಯಾವುದೇ ತಂತ್ರಾಂಶ ಡಿಸ್ಕಿಗೆ ಒಂದು ಅಕ್ಷರ ಬರೆದರೂ ಡಿಫ್ರ್ಯಾಗ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು, ಸ್ಕ್ರೀನ್ ಸೇವರನ್ನೂ ಆರಿಸಿ ಕೂರುತ್ತಿದ್ದೆವು. ಈಗ ಆ ಕಾಟವಿಲ್ಲ. ಮಲಗುತ್ತೇನೆ.

ಜುಲೈ 12, ಶನಿವಾರ

ಎಲ್ಲ ನೀಲಿ. ನಡುವೆ ಒಂದು ಹಸಿರು ಪಟ್ಟೆ, ಪೇಜ್ ಫೈಲ್. ವಿಂಡೋಸ್ ಎಚ್ಚರವಿರುವಾಗ ಅದನ್ನು ಸರಿಸುವಂತಿಲ್ಲ. ಅದಕ್ಕೆ ಸಿಸ್‌ಇಂಟರ್ನಲ್ಸ್‌ನ ಪೇಜ್‌ಡಿಫ್ರ್ಯಾಗ್ ಇದೆ, ಕಂಪ್ಯೂಟರ್ ಏಳುವ ಹೊತ್ತಿಗೇ ಕೆಲಸ ಮುಗಿಸುತ್ತದೆ. ನೋಡಿದೆ, ನಮ್ಮ ಪೇಜ್ ಫೈಲ್ ಮೂರೇ ಚೂರು. ಹಾಗೇ ಬಿಟ್ಟೆ.

ಅಂಚೆ ಒತ್ತಿದೊಡನೆ ತೆರೆದುಕೊಂಡಿತು. ಇವರು ಕಾಫಿ ಲೋಟ ಹಿಡಿದುಕೊಂಡೇ ನಿಂತರು, ಕಾಯುವ ಅಭ್ಯಾಸದಲ್ಲಿ. ಹೊಸ ಕಂಪ್ಯೂಟರಿನ ಮಾತು ತೆಗೆಯಲಿಲ್ಲ.

ಜುಲೈ 20, ಭಾನುವಾರ

ಮತ್ತೆ ಕ್ಯಾಸೆಟ್ ಕೆಲಸ. ಈ ಸಲ ತುಂಬಿಸುವ ಮೊದಲೇ ಅಳತೆ ಗೊತ್ತುಮಾಡಿಕೊಂಡೆ. ನಮ್ಮ ಸೌಂಡ್ ಕಾರ್ಡ್ ಕೊಡುವುದು 16 ಬಿಟ್. ಅದನ್ನು ಆಡಾಸಿಟಿ 32 ಬಿಟ್ಟಿನ ಪೆಟ್ಟಿಗೆಯಲ್ಲಿ, ಎಡಬಲ ಎರಡು ಸಲ ಬರೆದಿಟ್ಟರೆ ಒಂದು ಗಂಟೆಯ ಟೇಪಿಗೆ ಸುಮಾರು 1.27 ಜಿಬಿ. ಮಾವನವರ ಟೇಪ್ ರೆಕಾರ್ಡರಿಗೆ ಇದ್ದದ್ದು ಒಂದೇ ಮೈಕ್. ಮೋನೊ, 16 ಬಿಟ್ ಎಂದು ಬದಲಿಸಿದರೆ ಅದೇ ಗಂಟೆಗೆ 317 ಎಂಬಿ, ನಾಲ್ಕನೇ ಒಂದು. ಹಾಡಿನಲ್ಲಿ ಏನೂ ಕಡಿಮೆಯಾಗದು. ಎಂಪಿ3 ಮಾಡಿದರೆ ಇನ್ನೂ ಹತ್ತರಲ್ಲಿ ಒಂದಾಗುತ್ತದೆ, ನಾದಿನಿಯರಿಗೆ ಕಳಿಸಲು ಅದು ಸಾಕು. ಮನೆಯಲ್ಲಿಡುವ ಪ್ರತಿಗೆ ಬೇಡ. ಅದು ಕಿವಿಗೆ ಕೇಳಿಸದು ಎಂದು ತಾನೇ ತೀರ್ಮಾನಿಸಿ ಕೆಲವನ್ನು ಎಸೆಯುತ್ತದೆ. ಐವತ್ತು ವರ್ಷ ಬಿಟ್ಟು ಯಾರು ಯಾವ ಕಿವಿಯಿಂದ ಇದನ್ನು ಕೇಳುತ್ತಾರೋ ನಾನು ಹೇಗೆ ಹೇಳಲಿ. ಧ್ವನಿ ದಾಖಲೆಗಳ ಅಂತರರಾಷ್ಟ್ರೀಯ ಸಂಸ್ಥೆ ಐಎಎಸ್‌ಎ ಕೇಳುವುದು 48 ಕಿಲೋಹರ್ಟ್ಸ್, 24 ಬಿಟ್. ಅದು ನಮ್ಮ ಮನೆಯ ಯಂತ್ರಕ್ಕೆ ಮೀರಿದ್ದು. ಟೇಪುಗಳನ್ನು ಎಸೆಯದೆ ಇಟ್ಟರೆ ಮುಂದೆ ಯಾರಾದರೂ ಮಾಡಬಹುದು.

ಇತಿಹಾಸದ ಮೊದಲ ಹಾರ್ಡ್ ಡಿಸ್ಕ್, 1956ರ ಐಬಿಎಂ ರಾಮ್ಯಾಕ್‌ನದು, 24 ಅಂಗುಲದ ಐವತ್ತು ತಟ್ಟೆಗಳ ಗೋಪುರ. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಈಗಿನ ಲೆಕ್ಕದಲ್ಲಿ 3.75 ಎಂಬಿ. ಈಗ ನಾನಿಟ್ಟ ಮೋನೊ ಅಳತೆಯಲ್ಲಿ ಮುಕ್ಕಾಲು ನಿಮಿಷದ ಹಾಡಿಗೂ ಸಾಲದು.

ಮಧ್ಯಾಹ್ನ ಅತ್ತೆ ತಾವೇ ಬಂದು ಮೈಕಿನ ಮುಂದೆ ಕೂತರು. ತೊಡೆಯ ಮೇಲೆ ಹಸಿರು ಪುಸ್ತಕ. ಇಡೀ ಹಾಡು ಬೇಡ, ಜನವರಿಯಲ್ಲಿ ನಿಂತಲ್ಲಿಂದ ಮುಂದಿನ ನುಡಿಗಳು ಮಾತ್ರ. ಒಂದು ನುಡಿ ಹೇಳಿ, ಸುಧಾರಿಸಿಕೊಂಡು, ಇನ್ನೊಂದು. ದನಿ ಇಳಿದಿದೆ, ಶ್ರುತಿಯೂ ಒಂದು ಮನೆ ಕೆಳಗಿದೆ. ಜನವರಿಯದಕ್ಕೆ ಅಂಟಿಸಿ ಒಂದೇ ಹಾಡು ಮಾಡಬಹುದು, ಶ್ರುತಿ ಏರಿಸಲೂ ಆಡಾಸಿಟಿಯಲ್ಲಿ ದಾರಿಯಿದೆ. ಮಾಡಲಿಲ್ಲ. ಎರಡು ಕಡತ, ಎರಡು ತಾರೀಖು. ಎರಡೂ ಅತ್ತೆಯವು.

ಪ್ರತಿ ನುಡಿಯ ನಂತರ ಸೇವ್ ಮಾಡಿದೆ. ಅವರಿಗೆ ಸುಧಾರಿಸಿಕೊಳ್ಳಲು ಅಷ್ಟು ಹೊತ್ತು ಬೇಕಿತ್ತು.

ಜುಲೈ 27, ಭಾನುವಾರ

ಮಗನ ಗೆಳೆಯ ಒಬ್ಬ ಈಪಿಸಿ ಎಂಬ ಪುಟ್ಟ ಲ್ಯಾಪ್‌ಟಾಪ್ ಕೊಂಡಿದ್ದಾನಂತೆ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಪೆನ್ ಡ್ರೈವಿನಲ್ಲಿರುವ ಬಗೆಯ ಫ್ಲ್ಯಾಶ್ ಮೆಮೊರಿ. ಅದನ್ನು ಡಿಫ್ರ್ಯಾಗ್ ಮಾಡಬೇಕೆ ಎಂದು ಮಗ ಕೇಳಿದ, ಅಮ್ಮ ಈಗ ಈ ವಿಷಯದಲ್ಲಿ ಪಂಡಿತೆ ಎಂದು ಹಾಸ್ಟೆಲಿನಲ್ಲಿ ಹೇಳಿದ್ದಾನಂತೆ. ಬೇಡ ಎಂದೆ. ಅಲ್ಲಿ ತೋಳೂ ಇಲ್ಲ, ಜಿಗಿತವೂ ಇಲ್ಲ, ಚೂರು ಎಲ್ಲಿದ್ದರೂ ಒಂದೇ. ಮೇಲಾಗಿ ಫ್ಲ್ಯಾಶಿನ ಒಂದೊಂದು ಕೋಶಕ್ಕೂ ಇಷ್ಟು ಸಲ ಎಂದು ಬರೆಯುವ ಆಯುಸ್ಸು ಇದೆ. ಸುಮ್ಮನೆ ಸವೆಸಬಾರದು.

ನಮ್ಮ ಸಿ ಡ್ರೈವನ್ನು ಇವತ್ತು ಮತ್ತೆ ಅನಲೈಜ್ ಮಾಡಿದೆ. ಅಲ್ಲಲ್ಲಿ ಕೆಂಪು ಗೆರೆ, ಡಿಫ್ರ್ಯಾಗ್ ಬೇಕಿಲ್ಲ ಎಂದಿತು. ವಾರವಾರ ಅದನ್ನು ಓಡಿಸುವವರಿದ್ದಾರೆ. ಅಗತ್ಯವಿಲ್ಲ ಎಂದೇ ನನಗನ್ನಿಸುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಡಿವಿಡಿಯಲ್ಲಿ ಮೋನೊ ಹಾಡು ಹದಿನಾಲ್ಕು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮೊದಲನೆಯದು ತುಂಬಿತು. ಮಂಡ್ಯದ ನಾದಿನಿಗೆ, ಮಗನಿಗೆ ಒಂದೊಂದು ಪ್ರತಿ. ಮೇಲೆ ಹಾಡಿದವರ ಹೆಸರು, ಊರು, ವರ್ಷ ಬರೆಯಲು ಅತ್ತೆಯ ಸಹಾಯ ಬೇಕು. ಎರಡು ದನಿ ಯಾರವೆಂದು ಅವರಿಗೂ ಹೊಳೆಯಲಿಲ್ಲ. ನಾದಿನಿ ಶ್ರಾವಣಕ್ಕೆ ಬರುತ್ತಾಳೆ, ಕೇಳಿಸಬೇಕು. ಮುಂದಿನ ಪೆಟ್ಟಿಗೆಯಲ್ಲಿರುವುದು ಬೀಸುವ ಪದಗಳ ಟೇಪುಗಳು, ಅವುಗಳಲ್ಲಿ ಒಂದರ ರಿಬ್ಬನ್ ತುಂಡಾಗಿದೆ. ಸಣ್ಣ ಸ್ಕ್ರೂಡ್ರೈವರ್, ಟೇಪ್ ಅಂಟಿಸುವ ಪಟ್ಟಿ ತರಲು ಇವರಿಗೆ ಹೇಳಿದ್ದೇನೆ.